ಮಾತ್ರೆಯೋ, ಸೂಜಿಯೋ?

ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮುಂದೆ ನಿಂತು ಪಾಠ ಹೇಳಿದ ನನಗೆ ನಿವೃತ್ತಿಯ ಉಡುಗೊರೆಯಾಗಿ ದೊರೆತದ್ದು ಬಲಮಂಡಿಯ ನೋವು. ಮೊದಮೊದಲು ಮೆಟ್ಟಿಲಿಳಿಯುವಾಗ ಮಾತ್ರ ತಲೆಯೆತ್ತುತ್ತಿದ್ದ ಅದು, ಕಳೆದ ವರ್ಷ ಮಳೆಗಾಲ ಮುಗಿಯುವ ವೇಳೆಗೆ ನಡುರಾತ್ರಿಯಲ್ಲಿಯೂ ಎಬ್ಬಿಸತೊಡಗಿತು. ಮಂಡಿ ಊದಿಕೊಂಡಿತು. ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತುಕೊಳ್ಳುವುದು ನಿಂತೇಹೋಯಿತು. "ಮೇಷ್ಟ್ರಿಗೊಂದು ಟೇಬಲ್ಲು ಹಾಕ್ರೋ" ಎಂದು ಮದುವೆಮನೆಯಲ್ಲಿ ಯಾರಾದರೂ ಕೂಗಿದಾಗ ಆಗುವ ಸಂಕೋಚವನ್ನು ಅನುಭವಿಸಿದವರೇ ಬಲ್ಲರು.

ಶಿವಮೊಗ್ಗದ ವೈದ್ಯರೊಬ್ಬರು ಎಕ್ಸ್‌ರೇ ನೋಡಿ, ಮಂಡಿಯೊಳಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬಹುದು, ಯೋಚಿಸಿ ಬನ್ನಿ ಎಂದರು. ನೋವಿನ ಮಾತ್ರೆಗಳನ್ನು ಬಹುಕಾಲ ನುಂಗುವುದು ಹನ್ನೆರಡು ವರ್ಷಗಳ ಸಕ್ಕರೆ ಕಾಯಿಲೆಯವನ ಮೂತ್ರಪಿಂಡಕ್ಕೆ ಒಳ್ಳೆಯದಲ್ಲವೆಂಬುದು ಅವರ ಅಭಿಪ್ರಾಯ. ನನಗೋ, ಕೀಲಿನೊಳಗೆ ಸೂಜಿ ಇಳಿಯುವ ಕಲ್ಪನೆಗೇ ಬೆವರು. ಸಂಜೆ ಜೊತೆಗೆ ವಾಕಿಂಗ್ ಬರುವ ಸ್ನೇಹಿತರು, "ಸೂಜಿ ಯಾಕ್ರೀ, ಅದೇ ಔಷಧಿ ಮಾತ್ರೆಯಲ್ಲೂ ಬರುತ್ತೆ, ಐದು ದಿನ ನುಂಗಿದರೆ ಕುದುರೆಯ ಹಾಗೆ ಓಡಾಡ್ತೀರಿ" ಎಂದರು. ಮನಸ್ಸು ಆ ಕಡೆಗೇ ವಾಲಿತು. ಆದರೆ ಕೈ ಮುಂದಾಗಲಿಲ್ಲ. ಕಾರಣ ನನ್ನ ಅಕ್ಕ.

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೇನೆ. ಅಕ್ಕನಿಗೆ ಕೈಬೆರಳುಗಳ ಕೀಲುಗಳೆಲ್ಲ ಊದಿ, ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಯ ಕಾಲ ಲೋಟವನ್ನೂ ಹಿಡಿಯಲಾಗದ ಸ್ಥಿತಿಯಿತ್ತು. ಊರಿನಲ್ಲೊಬ್ಬರು ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದ ಬಿಳಿ ಮಾತ್ರೆಗಳನ್ನು ಕೊಡುತ್ತಿದ್ದರು. ಮೂರೇ ದಿನದಲ್ಲಿ ಅಕ್ಕ ಅಂಗಳಕ್ಕೆ ರಂಗೋಲಿ ಹಾಕುವಂತಾದಳು. ನಾವೆಲ್ಲ ಹಿಗ್ಗಿದೆವು. ಎರಡು ವರ್ಷ ಹಾಗೆಯೇ ನಡೆಯಿತು. ಮುಖ ದುಂಡಗಾಯಿತು, "ಈಗ ಮೈಕೈ ತುಂಬಿಕೊಂಡಿದ್ದಾಳೆ" ಎಂದು ನೆಂಟರು ಮೆಚ್ಚಿಕೊಂಡರು. 2014ರಲ್ಲಿ ಬಚ್ಚಲಿನಲ್ಲಿ ಜಾರಿದ್ದಷ್ಟೇ ನೆಪ, ಮುಂಗೈ ಮೂಳೆ ಮುರಿಯಿತು. ಆ ಮಾತ್ರೆ ಸ್ಟೀರಾಯ್ಡ್ ಇರಬೇಕೆಂದು ನನಗೆ ಹೊಳೆದದ್ದು ಆಗಲೇ. ಅದರ ದುಷ್ಪರಿಣಾಮಗಳ ಬಗ್ಗೆ ಪತ್ರಿಕೆಯಲ್ಲಿ ಓದಿದ್ದೆನಲ್ಲ! "ಅಕ್ಕಾ, ಅದು ವಿಷ. ಇವತ್ತೇ ಬಿಸಾಡು" ಎಂದೆ. ತಮ್ಮ ಓದಿದವನು, ಮೇಷ್ಟ್ರು. ಅವಳು ಮರುಮಾತಾಡದೆ ಪೊಟ್ಟಣವನ್ನು ಒಲೆಗೆ ಹಾಕಿದಳು.

ನಾಲ್ಕನೆಯ ದಿನ ವಾಂತಿ, ನಿತ್ರಾಣ, ರಕ್ತದ ಒತ್ತಡ ಕುಸಿದು ಮಂಪರು. ಆಸ್ಪತ್ರೆಯಲ್ಲಿ ತಿಳಿದದ್ದು ಇಷ್ಟು: ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ದೇಹಕ್ಕೆ ಬೇಕಾದ ಕಾರ್ಟಿಸಾಲನ್ನು ತಾವೇ ತಯಾರಿಸುತ್ತವೆ. ಹೊರಗಿನಿಂದ ಅಂಥದೇ ವಸ್ತು ದಿನವೂ ಬರುತ್ತಿದ್ದರೆ ಅವು ಕೆಲಸ ನಿಲ್ಲಿಸಿ ಮಲಗುತ್ತವೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬರಬೇಕು. ಅಕ್ಕ ಉಳಿದಳು. ಪೊಟ್ಟಣ ಕೊಟ್ಟವರನ್ನು ಬೈಯುವುದು ಸುಲಭವಾಗಿತ್ತು. ಆದರೆ ಒಲೆಗೆ ಹಾಕಿಸಿದವನು ನಾನು.

ಕಾರ್ಟಿಸೋನಿನ ಚರಿತ್ರೆಯೂ ಹೀಗೆ ಬೆರಗಿನಿಂದಲೇ ಆರಂಭವಾದದ್ದು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ನಡೆಯಲಾಗದ ಯುವತಿಯೊಬ್ಬಳಿಗೆ ಅದನ್ನು ಚುಚ್ಚಿದರು. ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಕೆಂಡಲ್ ಮತ್ತು ರೈಕ್‌ಸ್ಟೀನ್ ಅವರೊಂದಿಗೆ ಹೆಂಚ್ ನೊಬೆಲ್ ಪಡೆದರು. ದುಂಡು ಮುಖ, ಸವೆದ ಮೂಳೆ, ಏರಿದ ಸಕ್ಕರೆಗಳ ಲೆಕ್ಕ ಬೆರಗಿನ ಹಿಂದೆಯೇ ಬಂತು. ನಮ್ಮ ಅಂಗಳದಲ್ಲಿ ನಡೆದದ್ದೂ ಅದೇ.

ಇರಲಿ, ನನ್ನ ಮಂಡಿಗೆ ಬರುತ್ತೇನೆ. ಅಕ್ಕನಿಗೆ ಫೋನು ಮಾಡಿ ಮಾತ್ರೆಯ ವಿಚಾರ ಕೇಳಿದೆ. "ಈ ಸಲ ನೀನೇ ತೀರ್ಮಾನ ಮಾಡಬೇಡ ಕಣೋ, ಡಾಕ್ಟರನ್ನ ಕೇಳು" ಎಂದಳು. ನಗುತ್ತಲೇ ಹೇಳಿದಳು, ನನಗೆ ನಗು ಬರಲಿಲ್ಲ.

ವೈದ್ಯರ ಮುಂದೆ ಅಕ್ಕನ ಕಥೆಯನ್ನೆಲ್ಲ ಹೇಳಿದೆ. ಅವರು ಸಾವಧಾನವಾಗಿ ಕೇಳಿ, "ಮೇಷ್ಟ್ರೇ, ನಿಮ್ಮಿಬ್ಬರದೂ ಒಂದೇ ಕಾಯಿಲೆಯಲ್ಲ" ಎಂದರು. ಅಕ್ಕನದು ರುಮಟಾಯ್ಡ್, ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ರೋಗ. ಅದಕ್ಕೆ ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್‌ನಂಥ ಔಷಧಿ ಬೇಕು. ಅದು ಹಿಡಿತಕ್ಕೆ ಬರಲು ವಾರಗಳೇ ಹಿಡಿಯುವುದರಿಂದ ಅಷ್ಟರವರೆಗೆ ಸಣ್ಣ ಪ್ರಮಾಣದ ಸ್ಟೀರಾಯ್ಡ್ ಮಾತ್ರೆ ಆಸರೆಯಾಗಬಲ್ಲದು. ಅಕ್ಕನಿಗೆ ಆಮೇಲೆ ಸಿಕ್ಕ ಸರಿಯಾದ ಚಿಕಿತ್ಸೆಯಲ್ಲಿಯೂ ಅದೇ ಮಾತ್ರೆಯಿತ್ತು. ಈ ಬಾರಿ ಹೆಸರು, ಪ್ರಮಾಣ, ಇಳಿಸುವ ದಿನಾಂಕ ಎಲ್ಲ ಚೀಟಿಯಲ್ಲಿದ್ದವು. ನಾನು ವಿಷವೆಂದದ್ದನ್ನೇ ಅವಳು ನುಂಗಿ ಚೇತರಿಸಿಕೊಂಡಿದ್ದಳು. ನನ್ನದು ಸವೆತದ ಮಂಡಿ, ಅದೂ ಒಂದೇ. "ಒಂದು ಅಡಿಕೆ ಮರಕ್ಕೆ ನೀರು ಬೇಕಾದರೆ ಇಡೀ ತೋಟಕ್ಕೆ ಕಾಲುವೆ ತಿರುಗಿಸ್ತೀರಾ?" ಎಂದರು. ಮಾತ್ರೆ ಮೈಯೆಲ್ಲ ಸುತ್ತುತ್ತದೆ. ಸೂಜಿಯ ಔಷಧಿಯ ಬಹುಪಾಲು ಮಂಡಿಯಲ್ಲೇ ನಿಲ್ಲುತ್ತದೆ. ಆದರೂ ಕೆಲವು ದಿನ ಸಕ್ಕರೆ ಏರಬಹುದು, ವಿರಳವಾಗಿ ಸೋಂಕು ತಗಲಬಹುದು ಎಂದೂ ಎಚ್ಚರಿಸಿದರು. ಹಾಗೆ ಮುಚ್ಚುಮರೆಯಿಲ್ಲದೆ ಹೇಳಿದ್ದೇ ನನ್ನ ಭಯವನ್ನು ಅರ್ಧಕ್ಕಿಳಿಸಿತು.

ಮೊದಲು ಮಂಡಿಯಿಂದ ಒಣಹುಲ್ಲಿನ ಬಣ್ಣದ ನೀರು ತೆಗೆದರು, ಅನಂತರ 40 ಮಿಲಿಗ್ರಾಂ ಟ್ರಯಾಮ್ಸಿನೊಲೋನ್. ನಾನು ಕಣ್ಣು ಮುಚ್ಚಿ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಹದಿನೇಳರ ಮಗ್ಗಿ ಮುಗಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದು ರಾತ್ರಿ ನೋವು ಕೊಂಚ ಹೆಚ್ಚೇ ಆಯಿತು. ಮರುದಿನ ಬರಿಹೊಟ್ಟೆಯ ಸಕ್ಕರೆ 210 ಮುಟ್ಟಿ, ವಾರದೊಳಗೆ ಇಳಿಯಿತು. ಐದನೆಯ ದಿನ ಬಸ್‌ಸ್ಟ್ಯಾಂಡಿನವರೆಗೆ ನಡೆದುಹೋಗಿ ಪತ್ರಿಕೆ ತಂದೆ.

ಹತ್ತು ವಾರ ಕಳೆದ ಮೇಲೆ ನೋವು ಮೆಲ್ಲಗೆ ಮರಳಿತು. ಇನ್ನೊಂದು ಸೂಜಿ ಹಾಕಿಬಿಡಿ ಎಂದು ಈಗ ನಾನೇ ದುಂಬಾಲು ಬಿದ್ದೆ. ವೈದ್ಯರು ಒಪ್ಪಲಿಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎರಡು ವರ್ಷ ಮೂರು ತಿಂಗಳಿಗೊಮ್ಮೆ ಇದೇ ಔಷಧಿ ಪಡೆದವರ ಮಂಡಿಯ ಮೃದ್ವಸ್ಥಿ, ಬರಿಯ ಉಪ್ಪುನೀರು ಪಡೆದವರದಕ್ಕಿಂತ ಹೆಚ್ಚು ಸವೆದಿತ್ತಂತೆ. ನೋವಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲವಂತೆ. "ನೋವು ಕಡಿಮೆಯಿದ್ದಾಗ ತೊಡೆಯ ವ್ಯಾಯಾಮ ಮಾಡಿ ಅಂದಿದ್ದೆ, ಮಾಡಿದ್ರಾ?" ಎಂದು ಕೇಳಿದರು. ಹೋಂವರ್ಕ್ ಮಾಡದೆ ನಿಂತ ಹುಡುಗನ ಮುಖ ಹೇಗಿರುತ್ತದೆಂದು ನನಗೆ ಚೆನ್ನಾಗಿಯೇ ಗೊತ್ತು.

ಈಗ ಬೆಳಿಗ್ಗೆ ಚಾಪೆ ಬಿಡಿಸಿ ಮಲಗಿ, ಒಂದೊಂದು ಕಾಲಿಗೆ ಇಪ್ಪತ್ತು ಸಲ ಎತ್ತಿ ಇಳಿಸುತ್ತೇನೆ. ಭಾನುವಾರ ಅಕ್ಕನ ಫೋನು ಬರುತ್ತದೆ. ಅದು ಅವಳ ಮೆಥೊಟ್ರೆಕ್ಸೇಟ್ ದಿನ. "ನಾನು ಮಾತ್ರೆ ತಗೊಂಡೆ. ನೀನು ಕಾಲೆತ್ತಿದೆಯಾ?" ಎಂದು ಕೇಳುತ್ತಾಳೆ.