ನಿನ್ನೆ ರಾತ್ರಿ ಏನು ಉಂಡಿರಿ?

12 ಜೂನ್ 2023, ಸೋಮವಾರ, ಧಾರವಾಡ

ಉದ್ಯಮ ತರಬೇತಿಯಲ್ಲಿ ಇವತ್ತು ರಿಂಗ್ ಎಸೆಯುವ ಆಟ. ಒಂದು ಗೂಟ, ಅದರಿಂದ ಹಿಂದಕ್ಕೆ ಅಳತೆಯ ಗೆರೆಗಳು. ಯಾವ ಗೆರೆಯಲ್ಲಿ ಬೇಕಾದರೂ ನಿಲ್ಲಬಹುದು, ದೂರವಾದಷ್ಟೂ ಅಂಕ ಜಾಸ್ತಿ. ಕಲಘಟಗಿ ಕಡೆಯ ಹುಡುಗನೊಬ್ಬ ಎಲ್ಲರಿಗಿಂತ ಹಿಂದೆ ಹೋಗಿ ನಿಂತ, ಒಂದೂ ಬೀಳಲಿಲ್ಲ. ನಾನು ನಡುವಿನ ಗೆರೆ ಹಿಡಿದೆ. ಹಾಗೆ ಅಳೆದು ಅಪಾಯ ಮೈಮೇಲೆ ಎಳೆದುಕೊಳ್ಳುವವರೇ ಉದ್ಯಮಕ್ಕೆ ಲಾಯಕ್ಕು ಎಂದರು ಸರ್. ಅಮೆರಿಕದ ಮನಃಶಾಸ್ತ್ರಜ್ಞ ಮೆಕ್‌ಲೆಲ್ಯಾಂಡ್ ಅರವತ್ತರ ದಶಕದಲ್ಲೇ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಇಂಥ ತರಬೇತಿ ಕೊಟ್ಟಿದ್ದನಂತೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟಿಯ ಮಾದರಿ ಈಗ ದೇಶದ ಜಿಲ್ಲೆ ಜಿಲ್ಲೆಗೂ ಹೋಗಿದೆ. ಎಲ್ಲ ಸರಿ. ಆದರೆ ನಾನು ನಡುವಿನ ಗೆರೆಯಲ್ಲಿ ನಿಂತದ್ದು ಅಪಾಯ ಅಳೆದಲ್ಲ, ಫ್ಯಾನ್ ಅಲ್ಲೇ ಇತ್ತು.

ನಾಳೆಯಿಂದ ಮಾರುಕಟ್ಟೆ ಸಮೀಕ್ಷೆ. ನನ್ನದು ಕಡಕ್ ರೊಟ್ಟಿ. ಊರಲ್ಲಿ ಅವ್ವನ ಸಂಘದವರು ಮದುವೆ, ಜಾತ್ರೆಗೆ ರೊಟ್ಟಿ ಬಡಿದುಕೊಡುತ್ತಾರೆ. ಲಗ್ನದ ದಿನಗಳು ಮುಗಿದವೆಂದರೆ ಕೆಲಸವೂ ಮುಗಿಯಿತು. ಉಳಿದ ತಿಂಗಳು ಯಾರಿಗೆ ಮಾರಬೇಕು ಅನ್ನುವುದೇ ಪ್ರಶ್ನೆ.

13 ಜೂನ್, ಮಂಗಳವಾರ

ತರಬೇತಿ ಕೇಂದ್ರದಿಂದ ಕೊಟ್ಟ ಫಾರ್ಮಿನಲ್ಲಿ ಮೂರನೇ ಪ್ರಶ್ನೆ: ‘ಸ್ವಚ್ಛವಾಗಿ ತಯಾರಿಸಿದ ಜೋಳದ ರೊಟ್ಟಿ ಪ್ಯಾಕೆಟ್‌ನಲ್ಲಿ ಸಿಕ್ಕರೆ ಕೊಳ್ಳುವಿರಾ?’ ಸುಭಾಸ ರಸ್ತೆಯಲ್ಲಿ ಕೇಳಿದವರೆಲ್ಲ ಹೌದೆಂದರು. ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಬೇರೆ, ಇಲ್ಲ ಎನ್ನಲು ಯಾರಿಗೆ ಮನಸ್ಸು ಬಂದೀತು? ಬಳೆ ಅಂಗಡಿಯ ಅಜ್ಜಿ ಮಾತ್ರ ನಕ್ಕಳು. “ಬಿಸಿಲಾಗ ಬಂದೀದಿ ಯವ್ವಾ, ಹೌದಂತ ಬರ್ಕೋ. ರೊಟ್ಟಿ ಕೊಂಡು ತಿನ್ನೂ ಮಂದಿ ನಾವಲ್ಲ.”

ಫಾರ್ಮಿನ ತುಂಬ ‘ಹೌದು’ ತುಂಬಿದೆ. ಇದನ್ನು ತೋರಿಸಿ ಬ್ಯಾಂಕಿನಲ್ಲಿ ಸಾಲ ತರಬಹುದು, ರೊಟ್ಟಿ ಮಾರಲಾಗದು. ನಾಳೆ ಫಾರ್ಮಿನ ಬೆನ್ನಿಗೆ ಬೇರೆ ಪ್ರಶ್ನೆ ಬರೆದುಕೊಂಡು ಹೋಗುವೆ: ನಿನ್ನೆ ರಾತ್ರಿ ಏನು ಉಂಡಿರಿ? ಎಷ್ಟು ಕೊಟ್ಟಿರಿ?

15 ಜೂನ್, ಗುರುವಾರ

ಸಪ್ತಾಪುರ. ಕೋಚಿಂಗ್ ಬೋರ್ಡುಗಳ ಕೆಳಗೆ ಜೆರಾಕ್ಸ್ ಅಂಗಡಿ, ಜೆರಾಕ್ಸ್ ಅಂಗಡಿಯ ಪಕ್ಕ ಚಹಾದಂಗಡಿ, ಎಲ್ಲಿ ನೋಡಿದರೂ ಕೆಎಎಸ್, ಪಿಎಸ್‌ಐ, ಎಫ್‌ಡಿಎ. ರೂಮಿಗೆ ಮೂವರು ನಾಲ್ವರು ಇರುವ ಹುಡುಗರು.

ಹೊಸ ಪ್ರಶ್ನೆಗೆ ಉತ್ತರಗಳೂ ಹೊಸವು. ನರಗುಂದದ ಹುಡುಗ ಬುತ್ತಿಯ ಗಂಟನ್ನೇ ತಂದು ತೋರಿಸಿದ. ಹಳೆ ಧೋತರದ ಅರಿವೆಯಲ್ಲಿ ಬಿಗಿಯಾಗಿ ಕಟ್ಟಿದ ರೊಟ್ಟಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಶೇಂಗಾ ಚಟ್ನಿ, ಇನ್ನೊಂದರಲ್ಲಿ ಗುರೆಳ್ಳು ಚಟ್ನಿ. ಊರಿನ ಬಸ್ಸಿಗೆ ಹಾಕಿ ಕಳಿಸುತ್ತಾರೆ, ಇವನು ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತಾನೆ. “ನಿಮ್ಮ ರೊಟ್ಟಿ ಎಷ್ಟಕ್ಕೊಂದ್ರೀ? ನಮ್ಮವ್ವನ ರೊಟ್ಟಿ ಪುಕ್ಕಟೆ” ಅಂದ. ಪ್ರತಿಸ್ಪರ್ಧಿಗಳ ಪಟ್ಟಿಯಲ್ಲಿ ನಾನು ಎರಡು ಬ್ರ್ಯಾಂಡ್ ಹೆಸರು ಬರೆದಿಟ್ಟಿದ್ದೆ. ಅವನ್ನು ಹೊಡೆದುಹಾಕಿ ‘ಅವ್ವ’ ಎಂದು ಬರೆದೆ. ಆ ದರಕ್ಕೆ ಯಾವ ಕಂಪನಿಯೂ ಇಳಿಯಲಾರದು.

ಅಲ್ಲಿಗೇ ಎದ್ದು ಬರುತ್ತಿದ್ದೆನೇನೋ. ಆದರೆ ಗಂಟಿನಲ್ಲಿ ಉಳಿದಿದ್ದದ್ದು ಬರೀ ಮುರುಕು. ಯಾವಾಗ ಬಂತು ಎಂದೆ. ರವಿವಾರ ಬಂದಿದೆ, ಪಲ್ಲೆ ಸೋಮವಾರಕ್ಕೇ ಮುಗಿದಿದೆ, ರೊಟ್ಟಿ ನಿನ್ನೆಗೆ. ರಾತ್ರಿ ಎಗ್‌ರೈಸ್ ತಿಂದು ಮಲಗಿದ್ದಾನೆ. ಆಮೇಲೆ ಹೋದ ರೂಮುಗಳಲ್ಲೂ ಅದೇ ಕತೆ. ವಾರದ ಮೊದಲರ್ಧ ಅವ್ವನದು, ಗುರುವಾರದಿಂದ ಶನಿವಾರದವರೆಗೆ ಯಾರದೂ ಅಲ್ಲ.

ಬೀದರ್ ಜಿಲ್ಲೆಯ ಔರಾದದವನಿಗೆ ಬುತ್ತಿಯೇ ಬರುವುದಿಲ್ಲ. “ನಮ್ಮೂರಿಂದ ಇಲ್ಲಿಗೆ ಮುಟ್ಟೂದ್ರಾಗ ರೊಟ್ಟಿ ಹೋಗಿ ಹಿಟ್ಟಾಗಿರ್ತದ್ರೀ.” ಊಟ ಮೆಸ್ಸಿನಲ್ಲಿ. ಅಲ್ಲಿ ಏನು ಕೊಡುತ್ತಾರೆ? “ಚಪಾತಿ. ರೊಟ್ಟಿ ಕೇಳಿದ್ರ ಕಾಕೂ ಸಿಟ್ಟಾಗ್ತಾರ.”

ಆ ಕಾಕೂನ ಮೆಸ್ಸಿಗೇ ಹೋದೆ. ಸಿಟ್ಟೇನಿಲ್ಲ, ಸಂಕಟ. “ರೊಟ್ಟಿ ಬಡಿಯಾಕಿ ಯುಗಾದಿಗೆ ಬಿಟ್ಟು ಹೋದಾಕಿ ತಿರುಗಿ ಬರಲಿಲ್ಲ ನೋಡ್ ತಂಗಿ. ಚಪಾತಿ ಹೆಂಗರ ಲಟ್ಟಿಸ್ತೀನಿ, ಇಷ್ಟು ಮಂದಿಗೆ ರೊಟ್ಟಿ ಯಾರು ಬಡೀತಾರ?” ಫಾರ್ಮಿನಲ್ಲಿ ಇವರಿಗೆ ಕಾಲಮ್ಮೇ ಇಲ್ಲ. ಅದರಲ್ಲಿ ‘ಗ್ರಾಹಕ’ ಅಂದರೆ ತಿನ್ನುವವನು. ಇಲ್ಲಿ ತಿನ್ನುವವನು ಬೇರೆ, ಕೊಳ್ಳುವವರು ಬೇರೆ.

17 ಜೂನ್, ಶನಿವಾರ

ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನಿಂದ ಕುಳಿತೆ. ಹೋದ ರವಿವಾರ ಶಕ್ತಿ ಯೋಜನೆ ಶುರುವಾಗಿದೆ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಗಂಟನ್ನು ಬಸ್ಸಿಗೆ ಹಾಕಿ ಕಳಿಸುತ್ತಿದ್ದ ಅವ್ವಂದಿರು ಈಗ ತಾವೇ ಗಂಟಿನ ಜೊತೆ ಇಳಿಯುತ್ತಿದ್ದಾರೆ. ಒಬ್ಬಾಕೆ ಮಗನ ರೂಮು ನೋಡಿದ್ದು ಇದೇ ಮೊದಲಂತೆ. ವಾರಕ್ಕೆರಡು ಬಾರಿ ಬರುವ ಮಾತೂ ಕೇಳಿಬಂತು. ಹಾಗಾದರೆ ನನ್ನ ಗುರುವಾರವೂ ಹೋಯಿತು! ಮೊನ್ನೆ ಕಂಡ ಮಾರುಕಟ್ಟೆ ಇವತ್ತು ಒಂದಿಷ್ಟು ಕಿರಿದಾಗಿದೆ. ಇದನ್ನು ಯಾವ ಪುಸ್ತಕವೂ ನನಗೆ ಹೇಳುತ್ತಿರಲಿಲ್ಲ. ಶುರುವಾಗಿ ಇನ್ನೂ ವಾರವಾಗಿಲ್ಲ.

ರೂಮಿನ ಹುಡುಗರನ್ನು ನೆಚ್ಚುವಂತಿಲ್ಲ. ಮೆಸ್ಸುಗಳನ್ನು ನೆಚ್ಚಬಹುದು.

18 ಜೂನ್, ರವಿವಾರ, ಊರು

ಮಣ್ಣೆತ್ತಿನ ಅಮಾವಾಸ್ಯೆ. ಮಳೆಯ ಸುಳಿವಿಲ್ಲ. ಹೊಲದ ಮಾತು ಯಾರೂ ಎತ್ತಲಿಲ್ಲ.

ಸಂಘದವರ ಜೊತೆ ಲೆಕ್ಕಕ್ಕೆ ಕುಳಿತೆ. ಮಾಲ್ದಂಡಿ ಜೋಳಕ್ಕೆ ಕೇಂದ್ರ ಸರ್ಕಾರ ಸಾರಿದ ಹೊಸ ಬೆಂಬಲ ಬೆಲೆ ಕ್ವಿಂಟಲಿಗೆ 3,225. ಪೇಟೆಯಲ್ಲಿ ಒಳ್ಳೆಯ ಕಾಳು ಅದಕ್ಕಿಂತ ಮೇಲೆಯೇ ಇದೆ. ಬೀಸಿದ ಹಿಟ್ಟು ನಮಗೆ ಕಿಲೋಗೆ 55 ಬೀಳುತ್ತದೆ, ಕಿಲೋಗೆ ಇಪ್ಪತ್ತು ರೊಟ್ಟಿ. ಹಿಟ್ಟಿಗೆ 2.75, ಬಡಿಯುವ ಕೂಲಿ ಒಂದೂವರೆ, ಕಟ್ಟಿಗೆಗೆ ಐವತ್ತು ಪೈಸೆ. ಒಂದು ರೊಟ್ಟಿ ಐದು ರೂಪಾಯಿಯ ಹತ್ತಿರ. ಕೂಲಿಯನ್ನು ಲೆಕ್ಕಕ್ಕೆ ಹಿಡಿದದ್ದು ನೋಡಿ ಅವ್ವನಿಗೆ ಆಶ್ಚರ್ಯ. “ನಾವ ಬಡಿಯೂದಲ್ಲೇನs, ಅದಕ್ಕ್ಯಾಕ ಪಗಾರ?” ಇದರ ಮೇಲೆ ಅರ್ಧ ಗಂಟೆ ವಾದ ನಡೆಯಿತು. ಕೂಲಿ ಹಿಡಿಯದೆ ದರ ಕಟ್ಟಿದರೆ ಲಾಭ ಇದ್ದಂತೆ ಕಾಣುತ್ತದೆ, ನಾಳೆ ಒಬ್ಬಾಕೆ ಬೇನೆ ಬಿದ್ದು ಬೇರೆಯವರನ್ನು ಕರೆದಾಗ ಬಣ್ಣ ಬಯಲಾಗುತ್ತದೆ.

ಅವರು ನನಗೆ ಕಲಿಸಿದ್ದು ಇನ್ನೂ ದೊಡ್ಡದು. ಎಸರು ಮರಳಿದ ಮೇಲೇ ಹಿಟ್ಟು ಕಲಸಬೇಕು. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರದು, ಬಡಿಯುವಾಗಲೇ ಅಂಚು ಸೀಳುತ್ತದೆ. ಆದ್ದರಿಂದ ಹಿಟ್ಟು ಒಟ್ಟಿಗೆ ಬೀಸಿಡುವಂತಿಲ್ಲ. ಬೇಯಿಸಿದ್ದನ್ನು ಒಲೆಯ ಸುತ್ತ ನಿಲ್ಲಿಸಿ ಪೂರ್ತಿ ಒಣಗಿಸಬೇಕು, ಬಿಸಿ ಇರುವಾಗಲೇ ಪ್ಲಾಸ್ಟಿಕ್ಕಿಗೆ ಹಾಕಿದರೆ ಬೆವರಿ ಬೂಸ್ಟು ಬರುತ್ತದೆ.

20 ಜೂನ್, ಮಂಗಳವಾರ

ಹುಬ್ಬಳ್ಳಿಯ ಅಂಗಡಿಗಳು. ಎಂಆರ್‌ಪಿ ಮೇಲೆ ಇಪ್ಪತ್ತು ಪರ್ಸೆಂಟ್ ಕಮಿಷನ್, ಮುರಿದದ್ದು ವಾಪಸ್, ಮಾರಾಟವಾದ ಮೇಲೆ ದುಡ್ಡು. ಬೇಡ.

22 ಜೂನ್, ಗುರುವಾರ

ಊರಿನಿಂದ ಎರಡು ನಮೂನೆಯಲ್ಲಿ ರೊಟ್ಟಿ ತರಿಸಿದೆ. ರಟ್ಟಿನ ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿದವು ಅಲುಗಾಡಿ ತಳದಲ್ಲಿ ಚೂರಾಗಿದ್ದವು. ಅರಿವೆಯಲ್ಲಿ ಬಿಗಿದು ಕಟ್ಟಿದ ಗಂಟಿನಲ್ಲಿ ಬೆರಳೆಣಿಕೆಯಷ್ಟೇ ಮುರಿದಿದ್ದವು. ಪ್ಯಾಕಿಂಗ್ ಬಗ್ಗೆ ತರಗತಿಯಲ್ಲಿ ಬರೆದುಕೊಂಡ ಎರಡು ಪುಟ ಇದ್ದೇ ಇವೆ, ಇರಲಿ.

ಗಂಟು ತಂದ ಸಂಘದಾಕೆಗೆ ಬಸ್ಸು ಪುಕ್ಕಟೆ. ಹುಡುಗರ ಗಿರಾಕಿಯನ್ನು ಕಸಿದ ಯೋಜನೆಯೇ ನಮ್ಮ ಸಾಗಣೆಯ ಖರ್ಚನ್ನೂ ಉಳಿಸಿದೆ.

23 ಜೂನ್, ಶುಕ್ರವಾರ

ವರದಿ ಒಪ್ಪಿಸಿದೆ. ರೊಟ್ಟಿ ಯಂತ್ರಕ್ಕೆ ಕಿರು ಆಹಾರ ಉದ್ಯಮಗಳಿಗಿರುವ ಪಿಎಂಎಫ್‌ಎಂಇ ಸಾಲ ಹಾಕಬಹುದಲ್ಲ ಎಂದರು ಸರ್: ಕೇಂದ್ರದ 35 ಪರ್ಸೆಂಟ್ ಸಹಾಯಧನಕ್ಕೆ ರಾಜ್ಯದ 15 ಸೇರಿ ಅರ್ಧಕ್ಕರ್ಧ ಸಿಗುತ್ತದೆ. ಸಹಾಯಧನ ಅರ್ಧವಾದರೂ ಉಳಿದರ್ಧದ ಕಂತು ಪ್ರತಿ ತಿಂಗಳು ನಮ್ಮದೇ. ದಿನಕ್ಕೆ ಸಾವಿರಗಟ್ಟಲೆ ರೊಟ್ಟಿ ಕೊಳ್ಳುವವರನ್ನು ನಾನು ಈ ಊರಲ್ಲಿ ಇನ್ನೂ ಕಂಡಿಲ್ಲ. ಕಂಡ ಮೇಲೆ ಯಂತ್ರ. ಸದ್ಯ ವರ್ಷಕ್ಕೆ 100 ರೂಪಾಯಿಯ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದರೆ ಸಾಕು. 12 ಲಕ್ಷದ ವಹಿವಾಟಿನವರೆಗೆ ಅದು ನಡೆಯುತ್ತದೆ.

ಸಂಜೆ ಕಾಕೂನ ಮೆಸ್ಸಿನಲ್ಲಿ ಮಾತು ಮುಗಿಯಿತು. ನಾನು ಏಳು ಎಂದೆ, ಅವರು ಆರು ಎಂದರು. ಬರುವ ಸೋಮವಾರದಿಂದ ದಿನ ಬಿಟ್ಟು ದಿನ ಇನ್ನೂರು ರೊಟ್ಟಿ, ಒಂದಕ್ಕೆ ಆರೂವರೆ, ಮುರಿದದ್ದು ಲೆಕ್ಕಕ್ಕಿಲ್ಲ, ದುಡ್ಡು ಪ್ರತಿ ಶನಿವಾರ. ಮುಂಗಡ ಕೊಟ್ಟಿಲ್ಲ.