ಹೆಸರು ಬರೆಯುವ ನಾಯಕ

ಪ್ರಾಥಮಿಕ ಶಾಲೆಯಲ್ಲಿ ನಾನು ಮೂರು ವರ್ಷ ತರಗತಿಯ ಮಾನಿಟರನಾಗಿದ್ದೆ. ಮೇಷ್ಟ್ರು ಹೊರಗೆ ಹೋದೊಡನೆ ಸೀಮೆಸುಣ್ಣ ಹಿಡಿದು, ಮಾತನಾಡಿದವರ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆಯುವುದೇ ನನ್ನ ಅಧಿಕಾರ. ನನ್ನ ಹೆಸರು ಮಾತ್ರ ಅಲ್ಲಿ ಎಂದೂ ಮೂಡಲಿಲ್ಲ. ಬರೆಯುವವನು ನಾನೇ ಅಲ್ಲವೆ! ನಾಯಕತ್ವವೆಂದರೆ ಇದೇ ಎಂದು ಬಹುಕಾಲ ನಂಬಿದ್ದೆ.

ಕಳೆದ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರಕ್ಕೆ ನನ್ನನ್ನು ನಾಯಕನನ್ನಾಗಿ ಆರಿಸಿದರು. ಸೀಮೆಸುಣ್ಣ ಹೋಗಿ ನೋಟುಪುಸ್ತಕ ಬಂದಿತು, ಅಷ್ಟೆ. ತಡವಾಗಿ ಎದ್ದವರು, ಬುಟ್ಟಿ ಕೆಳಗಿಟ್ಟು ಹರಟಿದವರು, ಎಲ್ಲರ ಹೆಸರೂ ಅದರಲ್ಲಿ ಸೇರತೊಡಗಿದವು.

ಆ ಹಳ್ಳಿಯ ಕೆರೆಗೆ ಮಳೆಯ ನೀರನ್ನು ಒಯ್ಯುವ ಹಳೆಯ ಕಾಲುವೆಯೊಂದು ಹೂಳಿನಿಂದ ಮುಚ್ಚಿಹೋಗಿತ್ತು. ಅದನ್ನು ತೆಗೆಯುವುದೇ ನಮ್ಮ ಕೆಲಸ. ಊರಿನ ಕಡೆಯಿಂದ ಪ್ರಾರಂಭಿಸಿದರೆ ಜನರ ಕಣ್ಣಿಗೆ ಬೀಳುತ್ತದೆಂದು ನಾನು ಮೇಲ್ಭಾಗದಿಂದಲೇ ಅಗೆಯಲು ಆಜ್ಞಾಪಿಸಿದೆ. ನಮ್ಮಲ್ಲೊಬ್ಬ ರೈತರ ಮನೆಯ ಹುಡುಗ, ಹೆಚ್ಚು ಮಾತಿನವನಲ್ಲ, ಮೆಲ್ಲಗೆ, “ಕೆರೆಯ ಕಡೆಯಿಂದ ಶುರು ಮಾಡೋಣ ಕಣಯ್ಯ, ಮಳೆ ಬಂದರೆ ನೀರಿಗೆ ದಾರಿ ಬೇಕಲ್ಲ?” ಎಂದ. “ನಾಯಕ ನೀನೋ ನಾನೋ?” ಎಂದು ಗದರಿಸಿದೆ. ಅವನ ಹೆಸರೂ ಪುಸ್ತಕ ಸೇರಿತು.

ಎರಡನೆಯ ದಿನ ರಾತ್ರಿ ಮಳೆ ಸುರಿಯಿತು. ಬೆಳಗ್ಗೆ ಹೋಗಿ ನೋಡಿದರೆ, ನಾವು ಅಗೆದ ಭಾಗವೆಲ್ಲ ಹೊಂಡವಾಗಿತ್ತು. ಹೊರಗೆ ಹೋಗಲು ದಾರಿಯಿಲ್ಲದೆ ನೀರು ನಿಂತು, ದಡ ಕುಸಿದು, ತೆಗೆದಿದ್ದ ಹೂಳು ಮರಳಿ ಒಳಗೆ ಬಿದ್ದಿತ್ತು. ಗೆಳೆಯರ ಎರಡು ದಿನಗಳ ಬೆವರು ಕೆಸರಾಗಿತ್ತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಹುಡುಗನಂತೂ ನನ್ನ ಮುಖವನ್ನೂ ನೋಡದೆ ಗುದ್ದಲಿ ಎತ್ತಿಕೊಂಡು ಕೆರೆಯ ಕಡೆಗೆ ನಡೆದ. ಒಬ್ಬೊಬ್ಬರಾಗಿ ಎಲ್ಲರೂ ಅವನ ಹಿಂದೆ ಹೋದರು. ನಾಯಕನಾದ ನಾನು ಪುಸ್ತಕ ಹಿಡಿದು ಒಂಟಿಯಾಗಿ ನಿಂತಿದ್ದೆ.

ನಮ್ಮ ಯೋಜನೆಯು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಪ್ರಾರಂಭವಾಯಿತೆಂದು ಮೊದಲ ದಿನ ಭಾಷಣ ಮಾಡಿದವನು ನಾನೇ. “ನನಗಲ್ಲ, ನಿನಗೆ” ಎಂಬ ಅದರ ಧ್ಯೇಯವಾಕ್ಯವನ್ನು ಗಟ್ಟಿಯಾಗಿ ಹೇಳಿಕೊಟ್ಟವನೂ ನಾನೇ. ಅದರ ಅರ್ಥ ಆ ಕೆಸರಿನ ಮುಂದೆ ನಿಂತಾಗ ತಿಳಿಯಿತು.

ಅಂದು ಸಂಜೆಯ ಸಭೆಯಲ್ಲಿ ಎದ್ದು ನಿಂತು, ತಪ್ಪು ನನ್ನದೆಂದು ಹೇಳಿದೆ. ಹೇಳುವಾಗ ನಾಲಗೆ ತಡವರಿಸಿತು. ನೋಟುಪುಸ್ತಕದ ಆ ಹಾಳೆಗಳನ್ನು ಹರಿದುಹಾಕಿ, ಹೊಸ ಹಾಳೆಯಲ್ಲಿ ಮೊದಲು ನನ್ನ ಹೆಸರನ್ನೇ ಬರೆದೆ. ಮರುದಿನ ಮಣ್ಣು ಹೊರುವವರ ಪಟ್ಟಿಯಲ್ಲಿ. ಅಂದಿನಿಂದ ಪ್ರತಿ ಸಂಜೆ, ನಾಳೆಯ ಕೆಲಸ ಹೇಗಾಗಬೇಕೆಂದು ಎಲ್ಲರನ್ನೂ ಕೇಳಿ ಬರೆದುಕೊಳ್ಳುತ್ತಿದ್ದೆ. ಕಾಲುವೆ ಪೂರ್ತಿಯಾಗಲಿಲ್ಲ, ಮುಕ್ಕಾಲು ಭಾಗವಾಯಿತು. ಕೊನೆಯ ದಿನ ಆ ಗೆಳೆಯ ಪಕ್ಕದಲ್ಲಿ ಊಟಕ್ಕೆ ಕುಳಿತು, “ಈಗ ಮಳೆ ಬರಲಿ ಬಿಡು” ಎಂದ. ನನಗೆ ಅಷ್ಟೇ ಸಾಕಾಗಿತ್ತು.

ಪದವಿಯ ನಂತರ ಉಪಾಧ್ಯಾಯನಾಗಬೇಕೆಂಬುದು ನನ್ನ ಆಸೆ. ಹಳೆಯ ಅಭ್ಯಾಸ ಒಂದೇ ಶಿಬಿರದಲ್ಲಿ ಸತ್ತಿತೆಂದು ಹೇಳಲಾರೆ. ಯಾರಾದರೂ ಎದುರು ಮಾತನಾಡಿದರೆ ಇಂದಿಗೂ ಕೈ ಸೀಮೆಸುಣ್ಣ ಹುಡುಕುತ್ತದೆ. ಆದರೆ ನನ್ನ ತರಗತಿಯಲ್ಲೂ ಒಬ್ಬ ಮಾನಿಟರನಿರುತ್ತಾನೆ. ಮಾತನಾಡಿದವರ ಹೆಸರು ಬರೆಯೆಂದು ಅವನಿಗೆ ಹೇಳುವುದಿಲ್ಲ. “ಲೆಕ್ಕ ಬಾರದವನ ಪಕ್ಕದಲ್ಲಿ ಹೋಗಿ ಕೂತುಕೋ ಮಗು” ಎಂದು ಹೇಳುತ್ತೇನೆ.