ಆಳದ ಲೆಕ್ಕ

ದೇಶ ಸುತ್ತಿ ಬಂದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಕಲಿತದ್ದನ್ನು ಕಲಿತಲ್ಲೇ ಬಿಟ್ಟು ಬರಲಾರ. ನನಗೆ ಅದು ಅಂಟಿದ್ದು ಅಮೆರಿಕದ ಮಿಷಿಗನ್ ಸರೋವರದಲ್ಲಿ. ಅದರ ದಂಡ ತೆತ್ತವರು ತುಮರಿ ಕಡೆಯ ನನ್ನ ಸೋದರಮಾವ.

2019ರ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಳಿಯ ನನ್ನನ್ನು ಸಾಲ್ಮನ್ ಹಿಡಿಯಲು ಕರೆದೊಯ್ದ. ಕಡಲಿನಂಥ ಸರೋವರ. ದೋಣಿ ಮೆಲ್ಲಗೆ ಸಾಗುತ್ತಿದ್ದರೆ ಹಿಂದಿನಿಂದ ಗಾಳವೂ ನೀರೊಳಗೆ ಸಾಗುತ್ತಿರಬೇಕು. ಎಷ್ಟು ಆಳದಲ್ಲಿ ಸಾಗಬೇಕೆಂಬುದರಲ್ಲೇ ವಿದ್ಯೆಯೆಲ್ಲ ಅಡಗಿದೆ. ಸಾಲ್ಮನ್ ತಣ್ಣೀರಿನ ಜೀವ. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾದರೆ ಕೆಳಗಿಳಿದು, ಸುಮಾರು 12 ಡಿಗ್ರಿ ಸೆಲ್ಸಿಯಸಿನ ತಂಪು ಸಿಕ್ಕಲ್ಲಿ ಬೀಡು ಬಿಡುತ್ತದೆ. ದೋಣಿಯವನು ಮೊದಲು ನೀರಿನ ಶಾಖ ಅಳೆದ. ಆಮೇಲೆ ಉಕ್ಕಿನ ತಂತಿಗೆ ಭಾರದ ಸೀಸದ ಗುಂಡು ಕಟ್ಟಿ ಗಾಳವನ್ನು ಅಷ್ಟೇ ಆಳಕ್ಕೆ ಇಳಿಸಿದ. ಎಷ್ಟು ಅಡಿ ಇಳಿಯಿತೆಂದು ಯಂತ್ರವೇ ಹೇಳಿತು. ಒಂದು ಗಂಟೆಯಲ್ಲಿ ಎರಡು ಮೀನು! ನಾನು ಪಂಡಿತನಾಗಿ ಊರಿಗೆ ಮರಳಿದೆ.

ಆ ಸರೋವರಕ್ಕೆ ಕೋಹೋ ಜಾತಿಯ ಸಾಲ್ಮನ್ ಬಿಟ್ಟದ್ದು 1966ರಲ್ಲಿ. ನಮ್ಮ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಎರಡೂ ಕಡೆಯ ಮೀನುಗಾರಿಕೆ ಒಂದೇ ಪ್ರಾಯದ್ದು. ಅಲ್ಲಿ ನಡೆಯುವುದು ಇಲ್ಲೇಕೆ ನಡೆಯಬಾರದು?

2022ರ ಮಾರ್ಚಿನಲ್ಲಿ ಹೊಳೆಬಾಗಿಲಿನಿಂದ ಲಾಂಚ್ ಹತ್ತಿ ಮಾವನ ಮನೆಗೆ ಹೋದೆ. (ಸೇತುವೆಯಾದದ್ದು 2025ರ ಜುಲೈಯಲ್ಲಿ.) ಶರಾವತಿ ಹಿನ್ನೀರಿನಲ್ಲಿ ಬಲೆ ಬಿಟ್ಟೇ ಮಾವನ ಜೀವನ. ಬಲೆಯ ಕೆಳಅಂಚಿಗೆ ಸೀಸ. ಮೇಲಂಚಿನಿಂದ ಬೆಂಡಿನವರೆಗೆ ಹಗ್ಗ. ಹಗ್ಗ ಎಷ್ಟು ಉದ್ದವೋ ಬಲೆ ಅಷ್ಟು ಆಳ. ಅವರ ಅಳತೆ ಮಾರು. ಎರಡು ಕೈ ಚಾಚಿದಷ್ಟು, ಹೆಚ್ಚುಕಡಿಮೆ ಆರಡಿ.

ಸಂಜೆ ಒಂದು ಕಡೆ ದೋಣಿ ನಿಲ್ಲಿಸಿ ಮಾವ ಎರಡೇ ಮಾರು ಹಗ್ಗ ಬಿಟ್ಟರು. ನಾನು ಸುಮ್ಮನಿರಬೇಕಲ್ಲ!

“ಮಾವ, ಬಿಸಿಲು ಏರಿದೆ. ಮೀನೆಲ್ಲ ಕೆಳಗಿಳಿದಿರುತ್ತವೆ. ಇನ್ನೂ ನಾಲ್ಕು ಮಾರು ಬಿಡಿ.”

“ಇಲ್ಲಿ ಬ್ಯಾಡ ಮಾರಾಯ.”

ನಾನು ಮಿಷಿಗನ್ನಿನ ಪುರಾಣ ಬಿಚ್ಚಿದೆ. ಅಕ್ಕನ ಮಗ, ಅಪರೂಪಕ್ಕೆ ಬಂದವನು. ಮಾವ ಮಾತು ಬೆಳೆಸದೆ ಹಗ್ಗ ಬಿಟ್ಟರು.

ಬೆಳಗ್ಗೆ ಎಳೆದರೆ ಬಲೆ ಬರಲೊಲ್ಲದು. ಆ ಕಡೆಯಿಂದ ಎಳೆದರು, ಈ ಕಡೆಯಿಂದ ಎಳೆದರು. ಕೊನೆಗೆ ಕತ್ತಿ ತೆಗೆದು ಬಲೆಯ ಅರ್ಧವನ್ನು ಕತ್ತರಿಸಿ ನೀರಿಗೇ ಬಿಟ್ಟರು. ಉಳಿದರ್ಧದಲ್ಲಿ ಒಂದೇ ಒಂದು ಮೀನಿರಲಿಲ್ಲ.

“ಕೆಳಗೆ ನಮ್ಮ ಹಿತ್ತಲ ಹಲಸಿನ ಮರ ಐತೆ” ಎಂದರು ಮಾವ. “1948ರಲ್ಲಿ ಹಿರೇಭಾಸ್ಕರ ಕಟ್ಟೆ ತುಂಬಿದಾಗ ನೀರು ನಮ್ಮ ಗದ್ದೆ ಬದುವಿಗೆ ಬಂದು ನಿಂತಿತ್ತಂತೆ. ಲಿಂಗನಮಕ್ಕಿದೂ ಅಷ್ಟೇ, ಹಿತ್ತಲ ತನಕ ಬರಲ್ಲ ಅಂತ ಅಪ್ಪನ ಲೆಕ್ಕ. ಮರ ಕಡಿಯೋಕೆ ಬಿಡಲೇ ಇಲ್ಲ.”

ಅಜ್ಜನ ಲೆಕ್ಕ ತಪ್ಪಿತು. ಹೊಸ ನೀರು ಹಿರೇಭಾಸ್ಕರದ ಕಟ್ಟೆಯನ್ನೇ ನುಂಗಿತು. ಹಿತ್ತಲು ಯಾವ ಲೆಕ್ಕ? ಹತ್ತು ವರ್ಷದ ಮಾವ ತಂದೆಯ ಕೈಹಿಡಿದು ಗುಡ್ಡ ಹತ್ತಿದರು.

ನನ್ನ ಲೆಕ್ಕ ತಪ್ಪಿದ್ದೇಕೆಂಬುದು ಆಮೇಲೆ ಓದಿ ತಿಳಿಯಿತು. ಸಾಲ್ಮನ್ ತಂಪು ಹುಡುಕಿ ಇಳಿಯುತ್ತದೆ, ನಮ್ಮ ಕಾಟ್ಲಾ ಬೆಚ್ಚನೆಯ ನೀರಿನ ಮೀನು, ಮೇಲುಗಡೆಯೇ ಮೇಯುವಂಥದು, ರೋಹು ನಡುನೀರಿನದು, ಮೃಗಾಲ್ ತಳ ಕೆದಕುವುದಾದರೂ ಉಸಿರಾಡಲು ಗಾಳಿ ಬೇಕಲ್ಲ. ಬಿಸಿಲುಗಾಲದಲ್ಲಿ ಆಳದ ಜಲಾಶಯದ ಮೇಲುನೀರು ಕಾದು ಹಗುರಾಗಿ, ಕೆಳಗಿನ ತಣ್ಣೀರಿನೊಡನೆ ಬೆರೆಯದೆ ನಿಲ್ಲುತ್ತದೆ. ಕೆಳಗೆ ಹೊಸ ಗಾಳಿ ತಲುಪದು. ಕೊಳೆಯುವ ಕಸಕಡ್ಡಿ ಇದ್ದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ಅಲ್ಲಿ ತಂಪಿರಬಹುದು, ಮೀನಿಗೆ ಬಾಳಿಲ್ಲ. ಮಾವ ಇದನ್ನು ಓದಿದವರಲ್ಲ. ಎರಡು ಮಾರು ಬಿಟ್ಟಿದ್ದರು, ಅಷ್ಟೆ.

ಬಲೆಗೆ ಹಣ ಕಳಿಸಿದೆ. ಮಾವ ಸಂಕೋಚಪಡದೆ ತೆಗೆದುಕೊಂಡರು. ಅದರಿಂದ ನನಗೂ ಸಮಾಧಾನವಾಯಿತು.

2023ರಲ್ಲಿ ಮಳೆ ಕೈಕೊಟ್ಟಿತು. ಮರುಬೇಸಿಗೆಯಲ್ಲಿ ನೀರು ಬಹಳ ಇಳಿಯಿತು. ಒಂದು ದಿನ ಮಾವನ ಫೋನು: “ಮರ ಕಾಣ್ತಾ ಐತೆ. ನಿನ್ನ ಬಲೆಯೂ ಅಲ್ಲೇ ನೇತಾಡ್ತಾ ಐತೆ. ಸೀಸ ಬಿಡಿಸ್ಕೊಂಡೆ.”

ಪಕ್ಕದಲ್ಲಿ ಅಮ್ಮ ಕುಳಿತಿದ್ದರು. ಎಂಬತ್ತು ದಾಟಿದವರು, ಆ ಹಿತ್ತಲಲ್ಲಿ ಬೆಳೆದವರು. ಬಲೆಯ ಸುದ್ದಿ ಹೇಳಿದೆ. ಅವರು ಬಲೆಯನ್ನು ಕೇಳಲಿಲ್ಲ.

“ಬಾವಿ ಕಡೆಗೆ ಬಾಗಿದ ಕೊಂಬೆ ಇನ್ನೂ ಐತಂತಾ, ಕೇಳು” ಎಂದರು.